125 ಪೌಂಡಿನ ಲೆಕ್ಕ

(ಬೆಂಗಳೂರಿನ ಫುಟ್‌ಬಾಲ್ ಕ್ಲಬ್ ಒಂದರ ವಾರ್ಷಿಕ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಆಟದ ವಿಷಯ ಮಾತನಾಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಹೇಳಿದ್ದರು. ಇಲ್ಲಿ ಕುಳಿತವರ ಮುಂದೆ ಆಟದ ಬಗ್ಗೆ ಮಾತನಾಡುವಷ್ಟು ಧೈರ್ಯ ನನಗಿಲ್ಲ. ಮುಂದಿನ ಸಾಲಿನಲ್ಲಿರುವ ಹಲವರು ನಾನು ಹುಟ್ಟುವ ಮೊದಲೇ ಬೂಟಿನ ದಾರ ಕಟ್ಟಿದವರು. ನಾನು ಪತ್ರಿಕೆಯ ವರದಿಗಾರ. ಮೈದಾನದ ಗೆರೆಯ ಹೊರಗೆ ನಿಂತು ಬರೆದುಕೊಳ್ಳುವವನು. ಆದ್ದರಿಂದ ನನ್ನಂತೆಯೇ ಗೆರೆಯ ಹೊರಗೆ ನಿಂತು ಫುಟ್‌ಬಾಲ್ ಚರಿತ್ರೆಯಲ್ಲಿ ಹೆಸರು ಉಳಿಸಿಕೊಂಡ, ಹೆಸರು ಕೆಡಿಸಿಕೊಂಡ ಎಂದರೂ ಆದೀತು, ಒಬ್ಬನ ಕತೆಯನ್ನು ಹೇಳುತ್ತೇನೆ.

ಸ್ವಲ್ಪ ಹೊತ್ತಿನ ಹಿಂದೆ ಖಜಾಂಚಿಗಳು ವರ್ಷದ ಜಮಾಖರ್ಚು ಓದಿದರು. ಚೆಂಡು, ಬಲೆ, ಜೆರ್ಸಿ ಎಲ್ಲ ಸದ್ದಿಲ್ಲದೆ ಪಾಸಾದವು. ಹುಡುಗರನ್ನು ಪಂದ್ಯಕ್ಕೆ ಕರೆದೊಯ್ದ ಟೆಂಪೊ ಬಾಡಿಗೆಯ ಬಾಬತ್ತು ಬಂದಾಗ ಮಾತ್ರ ಹಿಂದಿನ ಸಾಲಿನಿಂದ ಒಬ್ಬರು ಎದ್ದು ‘ರಸೀದಿ ಎಲ್ಲಿ?’ ಎಂದರು. ಹತ್ತು ನಿಮಿಷ ಚರ್ಚೆಯಾಯಿತು. ರಸೀದಿ ಸಿಕ್ಕಿತು, ಎಲ್ಲರೂ ನಕ್ಕೆವು. ನಾನು ಹೇಳಹೊರಟಿರುವ ಮನುಷ್ಯ ಮುಗ್ಗರಿಸಿದ್ದೂ ಇಂಥದೇ ಒಂದು ವಾಹನದ ಲೆಕ್ಕದಲ್ಲಿ. ಆದರೆ ಅಲ್ಲಿ ಯಾರೂ ನಗಲಿಲ್ಲ.

ಆತನ ಹೆಸರು ಸರ್ ಹೆನ್ರಿ ನಾರಿಸ್. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಅಧ್ಯಕ್ಷ. ಅದಕ್ಕೂ ಮೊದಲು ಫುಲ್‌ಹ್ಯಾಮ್ ಕ್ಲಬ್ಬಿನ ಅಧ್ಯಕ್ಷ. ಮೇಯರ್, ಸಂಸತ್ ಸದಸ್ಯ, ಲೆಫ್ಟಿನೆಂಟ್ ಕರ್ನಲ್. ಇಲ್ಲಿ ಬಿಳಿ ತೋಳಿನ ಕೆಂಪು ಜೆರ್ಸಿ ಹಾಕಿಕೊಂಡು ಕುಳಿತಿರುವ ಹುಡುಗರು ಮೂರ್ನಾಲ್ಕು ಮಂದಿ ಕಾಣುತ್ತಿದ್ದಾರೆ. ಅವರಿಗೆ ಬರ್ಗ್‌ಕ್ಯಾಂಪ್ ಗೊತ್ತು, ಥಿಯರಿ ಹೆನ್ರಿ ಗೊತ್ತು. ಈ ಹೆನ್ರಿ ಗೊತ್ತಿರಲಾರ. ಗೊತ್ತಿದ್ದರೂ ಒಂದೇ ವಾಕ್ಯದಲ್ಲಿ ಗೊತ್ತಿರುತ್ತಾನೆ: ‘ಲಂಚ ಕೊಟ್ಟು ಆರ್ಸೆನಲ್ಲನ್ನು ಮೇಲಿನ ಡಿವಿಷನ್ನಿಗೆ ಏರಿಸಿದವನು’ ಎಂದು. ಆ ವಾಕ್ಯ ನಿಜವೇ ಎಂದು ನೋಡುವುದು ನನ್ನ ಇವತ್ತಿನ ಕೆಲಸ.

ಆ ಕಾಲದ ಫುಟ್‌ಬಾಲಿಗೂ ಸೈನ್ಯಕ್ಕೂ ಹತ್ತಿರದ ನಂಟು. ನಮ್ಮ ದಂಡು ಪ್ರದೇಶಕ್ಕೆ ಈ ಆಟ ಬಂದದ್ದೂ ಬ್ರಿಟಿಷ್ ಸಿಪಾಯಿಗಳ ಜೊತೆಯಲ್ಲೇ ಎಂಬುದು ನಿಮಗೆ ಗೊತ್ತಿದೆ. ಇಂಗ್ಲೆಂಡಿನಲ್ಲಿ 1872ರಲ್ಲಿ ಮೊದಲ ಎಫ್.ಎ. ಕಪ್ ಫೈನಲ್ ಆಡಿದ ಎರಡು ತಂಡಗಳಲ್ಲಿ ಒಂದು ರಾಯಲ್ ಎಂಜಿನಿಯರ್ಸ್, ಅಂದರೆ ಸ್ಯಾಪರ್‌ಗಳ ತಂಡ. ಅದರಲ್ಲಿ ಆಡಿದ ಫ್ರಾನ್ಸಿಸ್ ಮರಿಂಡಿನ್ ಎಂಬ ಅಧಿಕಾರಿ ಮುಂದೆ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷನಾದ. ಅವರೆಲ್ಲ ಮೊದಲು ಸೈನಿಕರು, ಆಮೇಲೆ ಫುಟ್‌ಬಾಲಿಗರು. ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ, ಆಟ ಅವರಿಗೆ ಹವ್ಯಾಸ. ನಾರಿಸ್ ಇದಕ್ಕೆ ತದ್ವಿರುದ್ಧ. ಆತ ಮೊದಲು ವ್ಯಾಪಾರಿ, ಆಮೇಲೆ ಫುಟ್‌ಬಾಲ್ ಅಧ್ಯಕ್ಷ, ಕೊನೆಗೆ ಸೇನಾಧಿಕಾರಿ.

ಹುಟ್ಟಿದ್ದು 1865ರಲ್ಲಿ, ದಕ್ಷಿಣ ಲಂಡನ್ನಿನ ಕೆನಿಂಗ್ಟನ್‌ನಲ್ಲಿ. ಸಿರಿವಂತರ ಮನೆಯಲ್ಲ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತಿಕೆಗೆ ಸೇರಿದ. ಕರಾರುಪತ್ರ ಓದುವುದನ್ನು, ಅದರ ಸಂದುಗೊಂದುಗಳನ್ನು ಗುರುತಿಸುವುದನ್ನು ಅಲ್ಲೇ ಕಲಿತಿರಬೇಕು ಎಂದು ನನ್ನ ಊಹೆ. ಮುಂದೆ ಆ ವಿದ್ಯೆ ಬಹಳ ಉಪಯೋಗಕ್ಕೆ ಬಂತು. ಆಮೇಲೆ ಅಲೆನ್ ಎಂಬ ಪಾಲುದಾರನೊಂದಿಗೆ ಮನೆ ಕಟ್ಟಿ ಮಾರುವ ವ್ಯವಹಾರಕ್ಕೆ ಇಳಿದ. ಲಂಡನ್ ಬೆಳೆಯುತ್ತಿದ್ದ ಕಾಲ. ಫುಲ್‌ಹ್ಯಾಮ್ ಕಡೆಯ ತೋಟ, ಹೊಲಗಳೆಲ್ಲ ಬೀದಿಗಳಾಗುತ್ತಿದ್ದವು. ಒಂದೇ ಅಚ್ಚಿನ ಕೆಂಪು ಇಟ್ಟಿಗೆಯ ಸಾಲುಮನೆಗಳನ್ನು ಸಾವಿರಗಟ್ಟಲೆ ಕಟ್ಟಿ ನಾರಿಸ್ ಹಣವಂತನಾದ. ನಮ್ಮ ಊರಿನಲ್ಲಿ ಕೆರೆಯಂಗಳವೂ ಲೇಔಟ್ ಆಗುವುದನ್ನು ಕಂಡ ನಮಗೆ ಈ ಬಗೆಯ ಮನುಷ್ಯ ಅಪರಿಚಿತನೇನಲ್ಲ.

ಊರಿನಲ್ಲಿ ಹಣ ಮಾಡಿದವನಿಗೆ ಊರಿನ ಕ್ಲಬ್ಬು ಬೇಕಾಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದ ಆ ವರ್ಷಗಳಲ್ಲಿ ನಾರಿಸ್ ಫುಲ್‌ಹ್ಯಾಮ್ ಕ್ಲಬ್ಬಿನ ಅಧ್ಯಕ್ಷನಾದ. ಆಗ ನಡೆದ ಒಂದು ಸಂಗತಿ ಕೇಳಿ. ಗಸ್ ಮಿಯರ್ಸ್ ಎಂಬಾತ ಸ್ಟ್ಯಾಮ್‌ಫರ್ಡ್ ಬ್ರಿಜ್ ಎಂಬ ಮೈದಾನ ಕೊಂಡು, ವರ್ಷಕ್ಕೆ 1500 ಪೌಂಡು ಬಾಡಿಗೆ ಕೊಟ್ಟರೆ ನಿಮ್ಮ ತಂಡ ಇಲ್ಲಿ ಆಡಲಿ ಎಂದು ಫುಲ್‌ಹ್ಯಾಮಿಗೆ ಹೇಳಿಕಳಿಸಿದ. ಬಾಡಿಗೆ ಜಾಸ್ತಿಯಾಯಿತು ಎಂದು ನಾರಿಸ್ ಒಪ್ಪಲಿಲ್ಲ. ಮಿಯರ್ಸ್ ಸುಮ್ಮನಾಗಲಿಲ್ಲ, ಮೈದಾನಕ್ಕೆ ತಂಡ ಸಿಗದಿದ್ದರೆ ತಾನೇ ಒಂದು ತಂಡ ಕಟ್ಟುತ್ತೇನೆ ಎಂದು 1905ರಲ್ಲಿ ಕಟ್ಟಿಯೇಬಿಟ್ಟ. ಅದೇ ಚೆಲ್ಸಿ. ನಾರಿಸ್ ಮಾಡಿದ ಉಳಿತಾಯ ಪಕ್ಕದ ಬೀದಿಯಲ್ಲೇ ಒಂದು ಎದುರಾಳಿ ಕ್ಲಬ್ಬನ್ನು ಹುಟ್ಟಿಸಿತು.

1909ರಲ್ಲಿ ನಾರಿಸ್ ಫುಲ್‌ಹ್ಯಾಮಿನ ಮೇಯರ್ ಆದ. ಹತ್ತು ವರ್ಷ ಆ ಕುರ್ಚಿ ಬಿಡಲಿಲ್ಲ. ಮಾರನೇ ವರ್ಷವೇ ಲಂಡನ್ನಿನ ಇನ್ನೊಂದು ತುದಿಯಲ್ಲಿ ದಿವಾಳಿಯಾಗಿ ಕುಳಿತಿದ್ದ ವುಲ್ವಿಚ್ ಆರ್ಸೆನಲ್ ಕ್ಲಬ್ಬಿನ ಮೇಲೆ ಕಣ್ಣು ಹಾಕಿದ.

ಆರ್ಸೆನಲ್ ಎಂದರೆ ಶಸ್ತ್ರಾಗಾರ. 1886ರಲ್ಲಿ ವುಲ್ವಿಚ್ಚಿನ ಸರಕಾರಿ ಶಸ್ತ್ರ ಕಾರ್ಖಾನೆಯ ಕೆಲಸಗಾರರು ತಾವೇ ಕಾಸು ಕೂಡಿಸಿ ಕಟ್ಟಿಕೊಂಡ ತಂಡ ಅದು. ನಮ್ಮಲ್ಲಿ ಐಟಿಐ, ಎಚ್‌ಎಎಲ್ ತಂಡಗಳಿದ್ದ ಹಾಗೆ ಎಂದು ಹೇಳುವ ಆಸೆ ಆಗುತ್ತದೆ. ಆದರೆ ಅಲ್ಲಿ ಕಾರ್ಖಾನೆ ತಂಡವನ್ನು ಸಾಕಲಿಲ್ಲ, ಕೆಲಸಗಾರರೇ ಸಾಕಿದರು. ಮೈದಾನ ಇದ್ದದ್ದು ಪ್ಲಮ್‌ಸ್ಟೆಡ್‌ನಲ್ಲಿ, ಲಂಡನ್ನಿನ ನಡುವಿನಿಂದ ಬಲು ದೂರ. ಸಂಜೆ ಆಟ ನೋಡಲು ಟ್ರಾಮು, ರೈಲು ಹಿಡಿದು ಅಷ್ಟು ದೂರ ಯಾರು ಹೋದಾರು? ಗೇಟಿನ ಹಣ ಬೀಳುತ್ತಿರಲಿಲ್ಲ. 1910ರಲ್ಲಿ ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ ನಾರಿಸ್, ತನ್ನ ಸ್ನೇಹಿತ ವಿಲಿಯಂ ಹಾಲ್ ಜೊತೆ ಸೇರಿ ಅದನ್ನು ವಹಿಸಿಕೊಂಡ. ಫುಲ್‌ಹ್ಯಾಮಿನೊಂದಿಗೆ ವಿಲೀನ ಮಾಡಿ ಒಂದೇ ದೊಡ್ಡ ಕ್ಲಬ್ಬು ಮಾಡಬೇಕೆಂಬುದು ಆತನ ಲೆಕ್ಕ. ಲೀಗಿನವರು ಒಪ್ಪಲಿಲ್ಲ. ಎರಡೂ ತಂಡಗಳು ಒಂದೇ ಮೈದಾನದಲ್ಲಿ ವಾರ ಬಿಟ್ಟು ವಾರ ಆಡಲಿ ಎಂದ. ಅದಕ್ಕೂ ಒಪ್ಪಲಿಲ್ಲ.

1912-13ರ ಋತುವಿನಲ್ಲಿ ಆರ್ಸೆನಲ್ 38 ಪಂದ್ಯಗಳಲ್ಲಿ ಗೆದ್ದದ್ದು ಮೂರು. ಹೊಡೆದ ಗೋಲು 26, ಹೊಡೆಸಿಕೊಂಡದ್ದು 74. ಮೊದಲ ಡಿವಿಷನ್ನಿನ ತಳಕ್ಕೆ ಬಿದ್ದು ಎರಡನೆಯದಕ್ಕೆ ಇಳಿಯಿತು. ಆ ವರ್ಷ ನಾರಿಸ್ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಲಿವರ್‌ಪೂಲ್ ತಂಡ ಚೆಲ್ಸಿಯ ಎದುರು ಬೇಕೆಂದೇ ಕೈಚೆಲ್ಲಿತು ಎಂಬ ಅರ್ಥದ ಮಾತನಾಡಿದ. ಚೆಲ್ಸಿ ಗೆದ್ದರೆ ಆರ್ಸೆನಲ್ಲಿಗೆ ನಷ್ಟ. ವಿಚಾರಣೆ ನಡೆಯಿತು, ಆರೋಪ ನಿಲ್ಲಲಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ತಂಡ ಇಳಿಯಿತು. ಇನ್ನು ನಾರಿಸ್ ಮಾಡಿದ್ದನ್ನು ನೋಡಿದರೆ ಆತ ಮನೆ ಕಟ್ಟುವವನು ಎಂಬುದು ಗೊತ್ತಾಗುತ್ತದೆ. ಲಂಡನ್ನಿನ ನಕ್ಷೆ ಹರಡಿಕೊಂಡು ಎಲ್ಲಿ ಜನ ಹೆಚ್ಚು, ಎಲ್ಲಿ ರೈಲು ಹತ್ತಿರ ಎಂದು ನೋಡಿದ. ಸಿಕ್ಕಿದ್ದು ಉತ್ತರ ಲಂಡನ್ನಿನ ಹೈಬರಿ. ಅಲ್ಲಿ ದೈವಶಾಸ್ತ್ರ ಕಲಿಸುವ ಸೇಂಟ್ ಜಾನ್ಸ್ ಕಾಲೇಜಿನ ಆಟದ ಬಯಲು ಇತ್ತು. ಪಕ್ಕದಲ್ಲೇ ಗಿಲೆಸ್ಪಿ ರೋಡ್ ಎಂಬ ಸುರಂಗ ರೈಲು ನಿಲ್ದಾಣ, 1906ರಲ್ಲಷ್ಟೇ ತೆರೆದದ್ದು. ಬೇರೆಯವರಿಗೆ ಅದು ಪಾದ್ರಿಗಳ ಮೈದಾನ. ನಾರಿಸ್‌ಗೆ ಅದು ನಿಲ್ದಾಣದ ಪಕ್ಕದ ಸೈಟು. 20,000 ಪೌಂಡಿಗೆ 21 ವರ್ಷದ ಗೇಣಿ ಕುದುರಿತು. ಚರ್ಚಿನವರ ಷರತ್ತುಗಳಿದ್ದವು: ಗುಡ್ ಫ್ರೈಡೆ ಮತ್ತು ಕ್ರಿಸ್‌ಮಸ್ ದಿನ ಆಟ ಕೂಡದು, ಮೈದಾನದಲ್ಲಿ ಮದ್ಯ ಕೂಡದು.

ಹೈಬರಿಯ ಜನ ಗಲಾಟೆ ಎಬ್ಬಿಸಿದರು. ಸಭ್ಯರು ವಾಸಿಸುವ ಬೀದಿಗೆ ವಾರವಾರ ಕೂಗಾಡುವ ಗುಂಪು ಬರುತ್ತದೆಂದು ಇಸ್ಲಿಂಗ್ಟನ್ನಿನ ಸ್ಥಳೀಯ ಆಡಳಿತವೂ ವಿರೋಧಿಸಿತು. ಹತ್ತಿರದ ಟಾಟೆನ್‌ಹ್ಯಾಮ್, ಕ್ಲಾಪ್ಟನ್ ಓರಿಯಂಟ್ ಕ್ಲಬ್ಬುಗಳು ತಮ್ಮ ಪ್ರೇಕ್ಷಕರನ್ನು ಕಿತ್ತುಕೊಳ್ಳಲು ಬಂದಿದ್ದಾನೆಂದು ದೂರು ಕೊಟ್ಟವು. ಆ ದೂರು ಸುಳ್ಳಲ್ಲ, ಕಿತ್ತುಕೊಳ್ಳಲೆಂದೇ ಹೋಗಿದ್ದ. ಆದರೆ ತನ್ನ ಕ್ಲಬ್ಬು ಎಲ್ಲಿ ಇರಬೇಕೆಂದು ಹೇಳುವ ಅಧಿಕಾರ ಲೀಗಿಗೆ ಇಲ್ಲವೆಂದು ತೀರ್ಮಾನವಾಯಿತು. 1913ರ ಸೆಪ್ಟೆಂಬರ್ 6ರಂದು ಹೈಬರಿಯಲ್ಲಿ ಮೊದಲ ಪಂದ್ಯ ನಡೆಯಿತು. ಲೆಸ್ಟರ್ ಫಾಸ್ ತಂಡವನ್ನು ಆರ್ಸೆನಲ್ 2-1ರಿಂದ ಸೋಲಿಸಿತು. ಸ್ಟ್ಯಾಂಡು ಇನ್ನೂ ಪೂರ್ತಿಯಾಗಿರಲಿಲ್ಲ. ಗಾಯಗೊಂಡ ಆಟಗಾರನೊಬ್ಬನನ್ನು ಹಾಲಿನವನ ಗಾಡಿಯಲ್ಲಿ ಹಾಕಿಕೊಂಡು ಹೋದರು ಎಂದು ಕ್ಲಬ್ಬಿನ ಹಳೆಯ ಕತೆಗಳು ಹೇಳುತ್ತವೆ.

ವುಲ್ವಿಚ್ಚಿನ ಕಾರ್ಖಾನೆ ಕೆಲಸಗಾರರ ಕತೆ ಇಲ್ಲಿಗೆ ಮುಗಿಯಿತು. ಅವರು ಕಟ್ಟಿದ ಕ್ಲಬ್ಬು ನದಿ ದಾಟಿ ಹೊರಟುಹೋಯಿತು. ಮರುವರ್ಷ ಹೆಸರಿನಿಂದ ‘ವುಲ್ವಿಚ್’ ಕೂಡ ಬಿದ್ದುಹೋಯಿತು. ನಾರಿಸ್ ಮೇಲೆ ನನಗೆ ನಿಜವಾದ ಆಕ್ಷೇಪ ಇರುವುದಾದರೆ ಅದು ಇಲ್ಲಿ. ಆದರೆ ವಿಚಿತ್ರ ನೋಡಿ, ಇದಕ್ಕಾಗಿ ಆತನನ್ನು ಯಾರೂ ಶಿಕ್ಷಿಸಲಿಲ್ಲ. ಇದು ಯಾವ ನಿಯಮಕ್ಕೂ ವಿರುದ್ಧವಾಗಿರಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. 1914ರ ಆಗಸ್ಟಿನಲ್ಲಿ ಬ್ರಿಟನ್ ಯುದ್ಧಕ್ಕಿಳಿದರೂ ಫುಟ್‌ಬಾಲ್ ಲೀಗ್ ನಿಲ್ಲಲಿಲ್ಲ. ಹುಡುಗರು ಫ್ರಾನ್ಸಿನ ಕಂದಕಗಳಲ್ಲಿ ಸಾಯುತ್ತಿರುವಾಗ ಗಟ್ಟಿಮುಟ್ಟಾದ ಆಟಗಾರರು ಸಂಬಳ ತೆಗೆದುಕೊಂಡು ಚೆಂಡು ಒದೆಯುತ್ತಿದ್ದಾರೆ ಎಂದು ಪತ್ರಿಕೆಗಳು ಝಾಡಿಸಿದವು. ಅದಕ್ಕೆ ಉತ್ತರವೆಂಬಂತೆ 1914ರ ಡಿಸೆಂಬರ್ 15ರಂದು ‘ಫುಟ್‌ಬಾಲಿಗರ ಬೆಟಾಲಿಯನ್’ ಎಂದೇ ಹೆಸರಾದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ರಚನೆಯಾಯಿತು. ಸಭೆ ಸೇರಿದ್ದು ಎಲ್ಲಿ ಗೊತ್ತೇ? ಫುಲ್‌ಹ್ಯಾಮಿನ ಟೌನ್ ಹಾಲ್‌ನಲ್ಲಿ. ಅಲ್ಲಿ ಮೇಯರ್ ಯಾರೆಂದು ಹೇಳಬೇಕಿಲ್ಲ. ಸಂಸತ್ ಸದಸ್ಯ ಜಾಯ್ನ್‌ಸನ್-ಹಿಕ್ಸ್ ಮುಂದಾಳು, ನಾರಿಸ್ ಜೊತೆಗಾರ. ಆ ದಿನವೇ 35 ಆಟಗಾರರು ಹೆಸರು ಕೊಟ್ಟರು; ಅವರಲ್ಲಿ ಹತ್ತು ಮಂದಿ ಕ್ಲಾಪ್ಟನ್ ಓರಿಯಂಟಿನವರು. ಹೌದು, ಒಂದೂವರೆ ವರ್ಷದ ಹಿಂದೆ ನಾರಿಸ್ ಮೇಲೆ ದೂರು ಕೊಟ್ಟಿದ್ದ ಅದೇ ಕ್ಲಬ್ಬು. ಆ ಬೆಟಾಲಿಯನ್ 1916ರ ಸೊಮ್ ಕದನದಲ್ಲಿ ಡೆಲ್‌ವಿಲ್ ಕಾಡಿನಲ್ಲಿ ಕಾದಿತು. ಓರಿಯಂಟಿನ ಮುಂಪಡೆಯ ಆಟಗಾರ ವಿಲಿಯಂ ಜೋನಸ್ ಅಲ್ಲೇ ಸತ್ತ. 1918ರ ಆರಂಭದಲ್ಲಿ ಬೆಟಾಲಿಯನ್ನನ್ನೇ ವಿಸರ್ಜಿಸಿದರು.

ನಾರಿಸ್ ಕಂದಕಕ್ಕೆ ಇಳಿದವನಲ್ಲ. ಯುದ್ಧ ಶುರುವಾದಾಗಲೇ ಆತನಿಗೆ 49. ಆತನ ಕೆಲಸ ಸೈನ್ಯಕ್ಕೆ ಜನ ಸೇರಿಸುವುದು. ಬೀದಿ ಬೀದಿಯಲ್ಲಿ ತಾನೇ ಕಟ್ಟಿದ ಮನೆಗಳಿಂದ ಹುಡುಗರನ್ನು ಕರೆದು ತೋಪಿನ ದಳಗಳಿಗೆ ಕಳಿಸಿದ. ಆ ಸೇವೆಗಾಗಿ 1917ರಲ್ಲಿ ನೈಟ್ ಪದವಿ ಬಂತು. ಲೆಫ್ಟಿನೆಂಟ್ ಕರ್ನಲ್ ಹುದ್ದೆಯೂ ಬಂತು. 1918ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಗೆದ್ದು ಪಾರ್ಲಿಮೆಂಟಿಗೆ ಹೋದ. ಕೆನಿಂಗ್ಟನ್ನಿನ ಗುಮಾಸ್ತ ಹುಡುಗ ಈಗ ಕರ್ನಲ್ ಸರ್ ಹೆನ್ರಿ. ಆ ಕಾಲದ ಚಿತ್ರಗಳಲ್ಲಿ ದಪ್ಪ ಮೀಸೆ, ಮೂಗಿನ ಮೇಲೆ ಕುಳಿತ ಕನ್ನಡಕ, ಯಾರನ್ನೂ ನಂಬದವನಂಥ ನೋಟ.

ಈಗ ಆ ಒಂದು ವಾಕ್ಯಕ್ಕೆ ಬರುತ್ತೇನೆ.

ಯುದ್ಧಕ್ಕೆ ಮೊದಲಿನ ಕೊನೆಯ ಋತು 1914-15. ಎರಡನೇ ಡಿವಿಷನ್ನಿನಲ್ಲಿ ಆರ್ಸೆನಲ್ ಐದನೇ ಸ್ಥಾನ. (ಗೋಲು ಸರಾಸರಿ ಲೆಕ್ಕದಲ್ಲಿ ತಪ್ಪಿ ಎಷ್ಟೋ ದಶಕ ಆರನೇ ಸ್ಥಾನ ಎಂದೇ ಅಚ್ಚಾಗುತ್ತಿತ್ತು. ಲೆಕ್ಕಪತ್ರ ಎನ್ನುವುದು ಎಲ್ಲರಿಗೂ ಕಷ್ಟವೇ.) ಮೊದಲ ಡಿವಿಷನ್ನಿನ ತಳದಲ್ಲಿದ್ದವರು ಇಬ್ಬರು: 19ನೇ ಸ್ಥಾನದಲ್ಲಿ ಚೆಲ್ಸಿ, 20ನೇ ಸ್ಥಾನದಲ್ಲಿ ಟಾಟೆನ್‌ಹ್ಯಾಮ್. ಇಬ್ಬರೂ ಇಳಿಯಬೇಕಿತ್ತು. ಆದರೆ 1915ರ ಏಪ್ರಿಲ್ 2ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಲಿವರ್‌ಪೂಲನ್ನು 2-0ರಿಂದ ಸೋಲಿಸಿದ ಪಂದ್ಯ ಮೊದಲೇ ಮಾತಾಡಿಕೊಂಡು ಆಡಿದ್ದು ಎಂದು ಸಾಬೀತಾಗಿತ್ತು. ಬಾಜಿ ಕಟ್ಟಿ ಹಣ ಮಾಡಿಕೊಂಡ ಎರಡೂ ಕಡೆಯ ಏಳು ಆಟಗಾರರಿಗೆ ನಿಷೇಧವಾಯಿತು. ಆ ಗೆಲುವಿನಿಂದ ಯುನೈಟೆಡ್ ಉಳಿದುಕೊಂಡಿತ್ತು, ಪೆಟ್ಟು ಬಿದ್ದದ್ದು ಚೆಲ್ಸಿಗೆ. ಲಿವರ್‌ಪೂಲ್ ಕೈಚೆಲ್ಲುತ್ತದೆ ಎಂದು ಎರಡು ವರ್ಷದ ಹಿಂದೆ ನಾರಿಸ್ ಬರೆದಾಗ ಯಾರೂ ನಂಬಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಆ ಸಲದ ಆರೋಪ ಬೇರೆ, ಈ ಸಲದ ಅಪರಾಧ ಬೇರೆ. ಆದರೆ ಇಂಥದು ನಡೆಯುವ ಲೋಕ ಅದು ಎಂಬುದಂತೂ ಬಯಲಾಯಿತು.

1919ರಲ್ಲಿ ಲೀಗ್ ಮತ್ತೆ ಶುರುವಾಗುವಾಗ ಮೊದಲ ಡಿವಿಷನ್ನನ್ನು 20 ತಂಡಗಳಿಂದ 22ಕ್ಕೆ ಹಿಗ್ಗಿಸಿದರು. ಎರಡನೇ ಡಿವಿಷನ್ನಿನ ಮೊದಲಿಬ್ಬರಾದ ಡರ್ಬಿ ಮತ್ತು ಪ್ರೆಸ್ಟನ್ ಮೇಲೆ ಬಂದರು. ಚೆಲ್ಸಿಗೆ ಅನ್ಯಾಯವಾಗಿದೆ ಎಂದು ಅದನ್ನು ಚರ್ಚೆಯಿಲ್ಲದೆ ಉಳಿಸಿಕೊಂಡರು. ಉಳಿದದ್ದು ಒಂದು ಸ್ಥಾನ. ಅದು ಟಾಟೆನ್‌ಹ್ಯಾಮಿಗೇ ಸಿಗಬಹುದೆಂದು ಹಲವರು ಎಣಿಸಿದ್ದರು. ಆದರೆ ಮತಕ್ಕೆ ಹಾಕಿದರು. ಲೀಗಿನ ಅಧ್ಯಕ್ಷ ಜಾನ್ ಮೆಕೆನಾ ಎದ್ದು ಆರ್ಸೆನಲ್ ಪರವಾಗಿ ಮಾತನಾಡಿದ. ಆತ ಲಿವರ್‌ಪೂಲಿನವನು, ನಾರಿಸ್‌ಗೆ ಸ್ನೇಹಿತ. ಟಾಟೆನ್‌ಹ್ಯಾಮಿಗಿಂತ ಆರ್ಸೆನಲ್ ಲೀಗಿನಲ್ಲಿ ಹೆಚ್ಚು ಕಾಲದಿಂದ ಇದೆ ಎಂಬುದು ಆತನ ವಾದ. 1893ಕ್ಕೆ ಸೇರಿದ್ದು ಆರ್ಸೆನಲ್, 1908ಕ್ಕೆ ಟಾಟೆನ್‌ಹ್ಯಾಮ್, ಅಲ್ಲಿಗೆ ಸರಿ. ಆದರೆ ಹಳಬರು ಎಂಬುದೇ ಯೋಗ್ಯತೆಯಾದರೆ 1888ರಿಂದಲೂ ಇದ್ದ, ಪಟ್ಟಿಯಲ್ಲಿ ಆರ್ಸೆನಲ್ಲಿಗಿಂತ ಮೇಲಿದ್ದ ವುಲ್ವ್ಸ್ ಏಕೆ ಬೇಡ? ಮೂರನೇ ಸ್ಥಾನ ಪಡೆದ ಬಾರ್ನ್ಸ್‌ಲಿ ಏಕೆ ಬೇಡ? ಯಾರೂ ಉತ್ತರಿಸಲಿಲ್ಲ. ಆರ್ಸೆನಲ್ 18, ಟಾಟೆನ್‌ಹ್ಯಾಮ್ 8, ಬಾರ್ನ್ಸ್‌ಲಿ 5, ವುಲ್ವ್ಸ್ 4, ನಾಟಿಂಗ್‌ಹ್ಯಾಮ್ ಫಾರೆಸ್ಟ್ 3, ಬರ್ಮಿಂಗ್‌ಹ್ಯಾಮ್ 2, ಹಲ್ 1. ಹೀಗೆ ಮೇಲೇರಿದ ಆರ್ಸೆನಲ್ ಆಮೇಲೆ ಒಮ್ಮೆಯೂ ಕೆಳಗಿಳಿದಿಲ್ಲ. ಟಾಟೆನ್‌ಹ್ಯಾಮ್ ಮರುವರ್ಷವೇ ಎರಡನೇ ಡಿವಿಷನ್ ಗೆದ್ದು ಹಿಂದಿರುಗಿತು. ಹಗೆ ಮಾತ್ರ ಹಾಗೇ ಉಳಿಯಿತು.

ಲಂಚ? ಅದಕ್ಕೆ ಸಾಕ್ಷಿ ಇಲ್ಲ. ನಾರಿಸ್ ಓಡಾಡಿದ, ಪತ್ರ ಬರೆದ, ಸ್ನೇಹವನ್ನು ಬಳಸಿಕೊಂಡ ಎಂಬುದರಲ್ಲಿ ಅನುಮಾನವಿಲ್ಲ. ನಮ್ಮ ಯಾವ ಸಂಸ್ಥೆಯ ಚುನಾವಣೆಯಲ್ಲಿ ಇದು ನಡೆಯುವುದಿಲ್ಲ ಹೇಳಿ. ಆದರೆ ಹಣ ಕೈಬದಲಾಯಿತು ಎಂದು ತೋರಿಸುವ ಒಂದು ಕಾಗದವೂ ಹೊರಬಂದಿಲ್ಲ. ಈ ಗುಮಾನಿಗೆ ಮುಖ್ಯವಾಗಿ ಗಾಳಿ ಹಾಕಿದ್ದು ಲೆಸ್ಲಿ ನೈಟನ್ ಎಂಬಾತನ ಆತ್ಮಕತೆ. ಆತ 1919ರಿಂದ 1925ರವರೆಗೆ ಆರ್ಸೆನಲ್ಲಿನ ಮ್ಯಾನೇಜರ್. 1000 ಪೌಂಡಿಗಿಂತ ಹೆಚ್ಚು ಕೊಟ್ಟು ಯಾವ ಆಟಗಾರನನ್ನೂ ಕೊಳ್ಳಬಾರದೆಂದು ನಾರಿಸ್ ಕಟ್ಟು ಹಾಕಿದ್ದನೆಂದೂ ಗಿಡ್ಡ ಆಟಗಾರರು ಬೇಡವೆಂದಿದ್ದನೆಂದೂ ಬರೆದುಕೊಂಡಿದ್ದಾನೆ. ಕೊನೆಗೆ ಆತನನ್ನು ತೆಗೆದುಹಾಕಿದ್ದೂ ನಾರಿಸ್ಸೇ. ಆ ಪುಸ್ತಕ ಬಂದದ್ದು ಬಹಳ ತಡವಾಗಿ. ನಾರಿಸ್ ಸತ್ತು ಆಗಲೇ ಎಷ್ಟೋ ವರ್ಷವಾಗಿತ್ತು, ಮೆಕೆನಾನೂ ಇರಲಿಲ್ಲ. ಕೆಲಸ ಕಳೆದುಕೊಂಡವನು, ಮಾನನಷ್ಟ ಮೊಕದ್ದಮೆ ಹೂಡಲಾರದ ಸತ್ತವನ ಬಗ್ಗೆ, ನೇರವಾಗಿ ಹೇಳದೆ ಸೂಚಿಸಿದ ಮಾತು ಅದು. ನಾನು ಇಂಥ ಮಾತನ್ನು ಬರೆದುಕೊಂಡು ಹೋದರೆ ನಮ್ಮ ಸುದ್ದಿ ಸಂಪಾದಕರು ಕಾಗದವನ್ನು ನನ್ನ ಕಡೆಗೇ ತಳ್ಳಿ, ‘ಇನ್ನೊಬ್ಬರು ಹೇಳಿದ್ದಾರಾ?’ ಎಂದು ಕೇಳುತ್ತಾರೆ. ಅವರು ಕೇಳುವುದು ಸರಿ.

ಹಾಗಾದರೆ ಆತ ನಿರಪರಾಧಿಯೇ ಎಂದು ನೀವು ಕೇಳಬಹುದು. ಇಲ್ಲ. ಅಪರಾಧ ಬೇರೆ ಕಡೆ ಇದೆ, ಮತ್ತು ಅದಕ್ಕೆ ಕಾಗದ ಇದೆ.

1925ರಲ್ಲಿ ಹೊಸ ಮ್ಯಾನೇಜರ್ ಬೇಕೆಂದು ನಾರಿಸ್ ಒಂದು ಕ್ರೀಡಾಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ದೊಡ್ಡ ಮೊತ್ತ ಸುರಿದು ಆಟಗಾರರನ್ನು ಕೊಳ್ಳುವುದೊಂದೇ ಗೊತ್ತಿರುವವರು ಅರ್ಜಿ ಹಾಕುವುದು ಬೇಡ ಎಂಬುದು ಅದರ ಸಾರಾಂಶ. ಬಂದವನು ಹರ್ಬರ್ಟ್ ಚಾಪ್‌ಮನ್. ಹಡರ್ಸ್‌ಫೀಲ್ಡ್ ತಂಡಕ್ಕೆ ಸತತ ಎರಡು ಬಾರಿ ಲೀಗ್ ಗೆದ್ದುಕೊಟ್ಟವನು. ಬಂದ ಕೂಡಲೇ ಆತ ಕೇಳಿದ್ದು ದುಬಾರಿ ಆಟಗಾರನನ್ನು. ಸಂಡರ್‌ಲೆಂಡಿನ ಚಾರ್ಲಿ ಬಕನ್ ಬೇಕೆಂದ. ಅವರು ಹೇಳಿದ ಬೆಲೆ 4000 ಪೌಂಡು. ನಾರಿಸ್ ಚೌಕಾಸಿ ಮಾಡಿ 2000 ಪೌಂಡು ಕೈಗೆ, ಮೊದಲ ಋತುವಿನಲ್ಲಿ ಹೊಡೆದ ಪ್ರತಿ ಗೋಲಿಗೆ 100 ಪೌಂಡು ಎಂದು ಒಪ್ಪಿಸಿದ. ಬಕನ್‌ಗೆ ಆಗ 33 ವರ್ಷ, ಎಷ್ಟು ಹೊಡೆದಾನು ಎಂಬ ಲೆಕ್ಕ. ಬಕನ್ 21 ಗೋಲು ಹೊಡೆದ. ಒಟ್ಟು 4100 ಪೌಂಡು! ಸ್ಟ್ಯಾಮ್‌ಫರ್ಡ್ ಬ್ರಿಜ್ಜಿನ ಬಾಡಿಗೆಯ ಹಾಗೆಯೇ, ಉಳಿಸಲು ಹೋದಾಗಲೆಲ್ಲ ಕೈಸುಟ್ಟುಕೊಳ್ಳುವುದು ಈ ಮನುಷ್ಯನ ಹಣೆಬರಹ.

ಆದರೆ ತೊಂದರೆಯಾದದ್ದು ಆ 4100ರಿಂದ ಅಲ್ಲ. ಬಕನ್‌ಗೆ ಸಂಡರ್‌ಲೆಂಡಿನಲ್ಲಿ ಕ್ರೀಡಾ ಸಾಮಾನಿನ ಅಂಗಡಿ ಇತ್ತು. ಊರು ಬಿಟ್ಟರೆ ಅದರ ವ್ಯಾಪಾರ ಹೋಗುತ್ತದೆ, ಆ ನಷ್ಟ ತುಂಬಿಕೊಡುವವರು ಯಾರು? ಆಗ ಆಟಗಾರನ ಸಂಬಳಕ್ಕೆ ಮಿತಿ ಇತ್ತು: 1922ರಿಂದ ಋತುವಿನಲ್ಲಿ ವಾರಕ್ಕೆ ಹೆಚ್ಚೆಂದರೆ 8 ಪೌಂಡು. ಅದರ ಮೇಲೆ ಮೇಜಿನ ಕೆಳಗಿನಿಂದ ಒಂದು ಕಾಸು ಕೊಟ್ಟರೂ ಅಪರಾಧ. ನಾರಿಸ್ ಕೊಟ್ಟ.

ಇನ್ನೊಂದು ನಿಯಮ ಇತ್ತು. ಕ್ಲಬ್ಬುಗಳು ಹೆಸರಿಗೆ ಕಂಪನಿಗಳಾದರೂ ನಿರ್ದೇಶಕರು ಸಂಬಳ ತೆಗೆದುಕೊಳ್ಳುವಂತಿರಲಿಲ್ಲ. ಷೇರಿನ ಮೇಲಿನ ಲಾಭಾಂಶಕ್ಕೂ ಮಿತಿ: ಮೊದಲು ಶೇಕಡಾ 5, 1920ರ ನಂತರ ಶೇಕಡಾ 7.5. ಆಟದಿಂದ ಯಾರೂ ಲಾಭ ಹೊಡೆಯಬಾರದು ಎಂಬುದು ಅಸೋಸಿಯೇಷನ್ನಿನ ಉದ್ದೇಶ. ನಾರಿಸ್‌ನ ಸಂಕಟ ಊಹಿಸಿಕೊಳ್ಳಿ. ಮುಳುಗಿದ ಕ್ಲಬ್ಬನ್ನು ಎತ್ತಿದವನು ನಾನು, ಜಾಗ ಹುಡುಕಿದವನು ನಾನು, ಸ್ಟ್ಯಾಂಡು ಕಟ್ಟಿಸಿದವನು ನಾನು. ಕ್ಲಬ್ಬಿನ ಕೆಲಸಕ್ಕೆ ಓಡಾಡಿದ ನನ್ನ ಕಾರಿನ ಚಾಲಕನಿಗೆ ಕ್ಲಬ್ಬು ಸಂಬಳ ಕೊಟ್ಟರೆ ತಪ್ಪೇನು? ಹೀಗೆಂದುಕೊಂಡಿರಬೇಕು. ಚಾಲಕನ ಸಂಬಳ ಕ್ಲಬ್ಬಿನ ಖಾತೆಗೆ ಬಿತ್ತು. ಮೀಸಲು ತಂಡದ ಹಳೆಯ ಬಸ್ಸು ಮಾರಿದಾಗ ಬಂದ 125 ಪೌಂಡು ಕ್ಲಬ್ಬಿನ ಖಾತೆಗೆ ಬೀಳಲಿಲ್ಲ. ನಾರಿಸ್‌ನ ಹೆಂಡತಿಯ ಬ್ಯಾಂಕ್ ಖಾತೆಗೆ ಹೋಯಿತು.

1927ರ ಏಪ್ರಿಲಿನಲ್ಲಿ ಆರ್ಸೆನಲ್ ಮೊಟ್ಟಮೊದಲ ಬಾರಿ ಎಫ್.ಎ. ಕಪ್ ಫೈನಲ್ ತಲುಪಿತು. ವೆಂಬ್ಲಿಯಲ್ಲಿ ಕಾರ್ಡಿಫ್ ಎದುರು ಗೋಲಿ ಡ್ಯಾನ್ ಲೂಯಿಸ್‌ನ ಕೈಯಿಂದ ಚೆಂಡು ಜಾರಿ ಒಂದೇ ಗೋಲಿನಿಂದ ಸೋಲಾಯಿತು. ಅದೇ ವರ್ಷ ಡೇಲಿ ಮೇಲ್ ಪತ್ರಿಕೆ ಕ್ಲಬ್ಬಿನ ಹಣಕಾಸಿನ ಅವ್ಯವಹಾರವನ್ನು ಪ್ರಕಟಿಸಿತು. ಅಸೋಸಿಯೇಷನ್ ವಿಚಾರಣಾ ಸಮಿತಿ ನೇಮಿಸಿತು. ಬಕನ್‌ಗೆ ಕೊಟ್ಟ ಹಣ, ಚಾಲಕನ ಸಂಬಳ, ಬಸ್ಸಿನ 125 ಪೌಂಡು ಎಲ್ಲ ಹೊರಬಂದವು. ನಾರಿಸ್ ಮತ್ತು ಹಾಲ್ ಇಬ್ಬರನ್ನೂ ಫುಟ್‌ಬಾಲಿನ ಆಡಳಿತದಿಂದ ದೂರವಿಟ್ಟರು. ನಾರಿಸ್ ಸುಮ್ಮನಿರಲಿಲ್ಲ. ಅಸೋಸಿಯೇಷನ್ ತನ್ನ ಮಾನ ಕಳೆದಿದೆ ಎಂದು ಕೋರ್ಟಿಗೆ ಹೋದ. 1929ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಹ್ಯೂವರ್ಟ್ ಮುಂದೆ ಆ ಮೊಕದ್ದಮೆಯೂ ಬಿದ್ದುಹೋಯಿತು. ಬಾಯಿಮಾತಿನಲ್ಲಿದ್ದದ್ದೆಲ್ಲ ಕೋರ್ಟಿನ ದಾಖಲೆಯಾಯಿತು. ಅದನ್ನು ದಾಖಲೆ ಮಾಡಿಸಿದವನು ಸ್ವತಃ ಆತನೇ.

ನನಗೆ ಈ ಕತೆಯಲ್ಲಿ ಬಹಳ ಕಾಡುವುದು ಮೊತ್ತ. ಆತ 1925ರಲ್ಲಿ ಹೈಬರಿಯ ಜಾಗವನ್ನು ಕ್ಲಬ್ಬಿಗಾಗಿ 64,000 ಪೌಂಡಿಗೆ ಪೂರಾ ಕೊಂಡಿದ್ದ. ಅಂಥ ವ್ಯವಹಾರ ಕುದುರಿಸುವವನಿಗೆ 125 ಪೌಂಡು ಯಾವ ಲೆಕ್ಕ? ಕಳ್ಳನಾಗಿದ್ದರೆ ಇನ್ನೂ ದೊಡ್ಡದಕ್ಕೆ ಕೈ ಹಾಕಬಹುದಿತ್ತು. ಆತ ಅದನ್ನು ಕಳ್ಳತನ ಎಂದುಕೊಂಡೇ ಇರಲಿಲ್ಲ ಎನ್ನಿಸುತ್ತದೆ. ತನ್ನ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಂಡೆ ಎಂದುಕೊಂಡಿದ್ದ. ಕ್ಲಬ್ಬು ಆತನ ಜೇಬಲ್ಲ ಎಂಬುದನ್ನು ಹದಿನೇಳು ವರ್ಷದ ನಂತರ ಬೇರೆಯವರು ಹೇಳಬೇಕಾಯಿತು. ವುಲ್ವಿಚ್ಚಿನ ಕೆಲಸಗಾರರು ಇದನ್ನು ಓದಿದ್ದರೆ ಏನೆನ್ನುತ್ತಿದ್ದರೋ!

ಮುಂದಿನದನ್ನು ನೀವೇ ಬಲ್ಲಿರಿ. ಸ್ಯಾಮ್ಯುಯೆಲ್ ಹಿಲ್-ವುಡ್ ಅಧ್ಯಕ್ಷನಾದ. 1930ರಲ್ಲಿ ಆರ್ಸೆನಲ್ ಮೊದಲ ಕಪ್ ಗೆದ್ದಿತು, 1931ರಲ್ಲಿ ಮೊದಲ ಲೀಗ್. ಎಲ್ಲ ಚಾಪ್‌ಮನ್ ಕಾಲದ ವೈಭವ. 1932ರಲ್ಲಿ ಚಾಪ್‌ಮನ್ ಹಟ ಹಿಡಿದು ಗಿಲೆಸ್ಪಿ ರೋಡ್ ನಿಲ್ದಾಣದ ಹೆಸರನ್ನೇ ‘ಆರ್ಸೆನಲ್’ ಎಂದು ಬದಲಾಯಿಸಿಸಿದ. ನಾರಿಸ್ ನಕ್ಷೆಯ ಮೇಲೆ ಬೆರಳಿಟ್ಟದ್ದು ಅದೇ ನಿಲ್ದಾಣದ ಮೇಲೆ. ಚಾಪ್‌ಮನ್ 1934ರ ಜನವರಿಯಲ್ಲಿ ತೀರಿಕೊಂಡ. ಅದೇ ಜುಲೈ 30ರಂದು ನಾರಿಸ್ ಹೃದಯಾಘಾತದಿಂದ ಸತ್ತ. 2006ರಲ್ಲಿ ತಂಡ ಹೈಬರಿಯನ್ನು ಬಿಟ್ಟು ಹೊಸ ಮೈದಾನಕ್ಕೆ ಹೋಯಿತು. ಅದರ ಹೊರಗೆ ಈಗ ಚಾಪ್‌ಮನ್‌ನ ಪ್ರತಿಮೆ ಇದೆ, ನಿಮ್ಮ ಹೆನ್ರಿ, ಬರ್ಗ್‌ಕ್ಯಾಂಪ್ ಪ್ರತಿಮೆಗಳೂ ಇವೆ. ನಾರಿಸ್‌ನದಿಲ್ಲ. ಹಳೆಯ ಹೈಬರಿ ಮೈದಾನ ಫ್ಲ್ಯಾಟುಗಳಾಗಿದೆ. ಆಟದ ಅಂಗಳವಿದ್ದಲ್ಲಿ ನಿವಾಸಿಗಳ ತೋಟ. ಸಾಲುಮನೆ ಕಟ್ಟಿ ಬಾಳಿದವನ ಮೈದಾನ ಕೊನೆಗೆ ಮನೆಗಳಾಗಿಯೇ ಹೋಯಿತು.

ಚಹಾ ಬಂದಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಟೆಂಪೊ ರಸೀದಿ ಕೇಳಿದ ಹಿರಿಯರು ಯಾರೆಂದು ನನಗೆ ಗೊತ್ತಿಲ್ಲ. ಚಹಾ ಕುಡಿಯುವಾಗ ಅವರನ್ನು ಪರಿಚಯ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.